ಗಿಳಿಯ ಕೆನ್ನೆಯೂ ನನ್ನ ಮೀಸೆಯೂ

ನನ್ನ ಮೀಸೆಯನ್ನು ನೀವು ನೋಡಿರಲೇಬೇಕು. ನೋಡಿಲ್ಲವೆಂದರೆ ನೀವು ಬಸವನಗುಡಿಗೇ ಬಂದಿಲ್ಲ. ದೊಡ್ಡ ಗಣಪತಿಯ ದರ್ಶನಕ್ಕೆ ಬಂದವರು ಗಾಂಧಿಬಜಾರಿನಲ್ಲಿ ನನ್ನ ಅಂಗಡಿಯ ಮುಂದೆ ಹಾಯುವಾಗ ಅವರ ಕಾಲು ತಾನಾಗಿ ನಿಲ್ಲುತ್ತಿತ್ತು, ಕೈ ತಾನಾಗಿ ಮುಗಿಯುತ್ತಿತ್ತು. ಮೀಸೆಯ ಒಂದೊಂದು ತುದಿಯ ಮೇಲೂ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಿತ್ತು. ಹಾಗೆ ನಿಲ್ಲಿಸಿಕೊಂಡು ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ನಡೆದಿದ್ದೇನೆ. ಸಾಕ್ಷಿ ಹೇಳಲು ಆ ನಿಂಬೆಹಣ್ಣುಗಳು ಈಗಿಲ್ಲ, ಉಪ್ಪಿನಕಾಯಿಯಾದವು. ಊರಿಗೆಲ್ಲ ಬೇಕಾದ ಈ ಮೀಸೆ ಬೇಡವಾಗಿದ್ದದ್ದು ಒಬ್ಬರಿಗೆ ಮಾತ್ರ. ನನ್ನ ಹೆಂಡತಿ ಶೈಲಜಾಗೆ.

“ಸಾರು ಕುಡಿಯೋದು ನೀವೋ ನಿಮ್ಮ ಮೀಸೇನೋ?” ಎಂದು ಮದುವೆಯಾದ ವಾರದಲ್ಲಿ ಶುರುಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ನನ್ನ ಹೆಸರು ಗೌರೀಶ್. ಅಕ್ಕಸಾಲಿಗರ ವಂಶ. ನಾನು ಮಾಡುವುದು ಹರಿದ ಸರಕ್ಕೆ ಬೆಸುಗೆ, ಮೂಗುಬೊಟ್ಟಿಗೆ ತಿರುಪು, ಅಷ್ಟೇ. ಆದರೆ ನನ್ನ ಮುತ್ತಾತ ಅಶ್ವತ್ಥಾಚಾರ್ ಚಾಮರಾಜಪೇಟೆಯ ಒಂದು ಜಗಲಿಯ ಮೇಲೆ ಕುಳಿತು ಚಿನ್ನದ ಡಬ್ಬಿಗಳನ್ನು ಮಾಡುತ್ತಿದ್ದವರು. ಕುಂಕುಮದ ಡಬ್ಬಿ, ಸುಣ್ಣದ ಡಬ್ಬಿ, ನಶ್ಯದ ಡಬ್ಬಿ. ಚಿನ್ನದ ತಗಡಿನ ಮೇಲೆ ಹೂವು, ಹಕ್ಕಿ ಕೊರೆಯುವುದು. ಕೊರೆದ ಗುಳಿಗಳಲ್ಲಿ ಬಣ್ಣದ ಗಾಜಿನ ಪುಡಿ ತುಂಬುವುದು. ಕೆಂಡದ ಮೇಲಿಟ್ಟು ಊದುಗೊಳವೆಯಲ್ಲಿ ಊದಿ ಊದಿ ಗಾಜು ಕರಗಿ ಚಿನ್ನಕ್ಕೆ ಕಚ್ಚುವಂತೆ ಮಾಡುವುದು. ಇದಕ್ಕೆ ಮೀನಾ ಕೆಲಸ ಎನ್ನುತ್ತಾರೆ. ಉಸಿರು ಸ್ವಲ್ಪ ಕಡಿಮೆಯಾದರೆ ಗಾಜು ಕರಗುವುದಿಲ್ಲ, ಸ್ವಲ್ಪ ಹೆಚ್ಚಾದರೆ ಚಿನ್ನವೇ ಕರಗಿ ಕೂರುತ್ತದೆ. ನಮ್ಮ ಮುತ್ತಾತ ಬೆಳಿಗ್ಗೆ ಎಳೆದುಕೊಂಡ ಉಸಿರನ್ನು ಸಂಜೆ ಮಲ್ಲಿಕಾರ್ಜುನನ ಗುಡಿಯ ಗಂಟೆ ಬಾರಿಸುವವರೆಗೆ ಸ್ವಲ್ಪಸ್ವಲ್ಪವಾಗಿ ಖರ್ಚು ಮಾಡುತ್ತಿದ್ದರು. ಅವರು ಬಡಿದ ತಗಡು ಎಷ್ಟು ತೆಳುವೆಂದರೆ, ಪಕ್ಕದ ಮನೆಯವರು ಆಕಳಿಸಿದರೆ ಹಾರಿ ಲಾಲ್‌ಬಾಗ್ ಕೆರೆಯಲ್ಲಿ ಬೀಳುತ್ತಿತ್ತು. ಅವರು ಒಂದು ಡಬ್ಬಿಯ ಮೇಲೆ ಗಿಳಿ ಮಾಡಿದರೆ, ಮಾವಳ್ಳಿಯ ನಿಜವಾದ ಗಿಳಿಗಳೆಲ್ಲ ಬಂದು ಅದಕ್ಕೆ ಹೆಣ್ಣು ಕೊಡುವ ಮಾತಾಡಿ ಹೋಗುತ್ತಿದ್ದವು.

ಇಷ್ಟು ಚೆನ್ನಾಗಿರುವ ವಸ್ತುವಿಗೆ ಜನರ ಕಣ್ಣು ಬೀಳದೆ ಇರುತ್ತದೆಯೇ? ಅದಕ್ಕೇ ಅವರು ಕೆಲಸವೆಲ್ಲ ಮುಗಿದ ಮೇಲೆ, ಮಗುವಿನ ಕೆನ್ನೆಗೆ ಕಾಡಿಗೆ ಇಡುವ ಹಾಗೆ, ಪ್ರತಿ ಡಬ್ಬಿಗೂ ಒಂದು ಕಪ್ಪು ಮೀನಾ ಚುಕ್ಕೆ ಇಡುತ್ತಿದ್ದರಂತೆ. ದೃಷ್ಟಿಬೊಟ್ಟು. ತನ್ನ ಕೆಲಸಕ್ಕೆ ತಾನೇ ಕಲೆ ಮಾಡುವ ಅಕ್ಕಸಾಲಿಗ ಭೂಮಂಡಲದಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಅಪ್ಪ. ಅಪ್ಪನಿಗೆ ಸ್ವಲ್ಪ ಸೇರಿಸಿ ಹೇಳುವ ಚಟವಿತ್ತು. ನನಗೆ ಆ ಚಟವಿಲ್ಲ.

ತೊಂದರೆ ಒಂದೇ. ಮುತ್ತಾತನ ಒಂದು ಡಬ್ಬಿಯನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ.

ಹೀಗಿರುವಾಗ ಒಂದು ದಿನ ಹರ್ಷಿತಾ ಅಂಗಡಿಗೆ ಬಂದಳು. ಚಾಮರಾಜಪೇಟೆಯ ಬಸವಮ್ಮನವರ ಮೊಮ್ಮಗಳು. ಅವರದು ಪೇಟೆಯಲ್ಲಿ ತಲೆತಲಾಂತರದಿಂದ ಜವಳಿ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಮನೆತನ. ಹುಡುಗಿ ಸುತ್ತಮುತ್ತಲ ಮನೆಗಳ ಹಳೆಯ ಸಾಮಾನುಗಳನ್ನೆಲ್ಲ ಸೇರಿಸಿ ಒಂದು ಪ್ರದರ್ಶನ ಇಡುವ ಓಡಾಟದಲ್ಲಿದ್ದಳು.

“ಅಂಕಲ್, ನಮ್ಮನೇಲಿ ಒಂದು ಚಿನ್ನದ ನಶ್ಯದ ಡಬ್ಬಿ ಇದೆ. ಮೇಲೆ ಹಸಿರು ಗಿಳಿ. ನಿಮ್ಮ ಮುತ್ತಾತ ಮಾಡಿದ್ದು ಅಂತ ಅಜ್ಜಿ ಹೇಳ್ತಾರೆ. ಆದರೆ ನಾನು ಕರೆಸಿರೋ ಎಕ್ಸ್‌ಪರ್ಟ್ ಅದು ಫಾರಿನ್ದು ಅಂತಿದಾರೆ. ಫ್ರಾನ್ಸ್ ಅಂತ ಬೋರ್ಡ್ ಬರೆದುಬಿಡೋದಾ?”

ನನ್ನ ಕೈಯಲ್ಲಿದ್ದ ಚಿಮಟ ನೆಲಕ್ಕೆ ಬಿತ್ತು. ಫ್ರಾನ್ಸ್! ನಮ್ಮ ಮುತ್ತಾತ ಕಲಾಸಿಪಾಳ್ಯ ದಾಟಿದವರಲ್ಲ!

“ನಾಳೇನೇ ಬರ್ತೀನಿ ಕಣಮ್ಮ,” ಎಂದೆ.

“ನಾನೂ ಬರ್ತೀನಿ,” ಎಂದಳು ಶೈಲಜಾ ಒಳಗಿನಿಂದ. ನಾನು ಅವಮಾನಕ್ಕೊಳಗಾಗುವ ಸಾಧ್ಯತೆಯಿರುವ ಯಾವ ಜಾಗಕ್ಕೂ ಅವಳು ಬಾರದೆ ಉಳಿದದ್ದಿಲ್ಲ.

ಮರುದಿನ, ಭಾನುವಾರ ಬೆಳಿಗ್ಗೆ, ಬಸವಮ್ಮನವರ ನಡುಮನೆಯಲ್ಲಿ ಅರ್ಧ ಚಾಮರಾಜಪೇಟೆ ಸೇರಿತ್ತು. ಉಳಿದ ಅರ್ಧ ಕಿಟಕಿಯಲ್ಲಿತ್ತು. ಹಣೆಯ ತುಂಬ ವಿಭೂತಿ ಇಟ್ಟುಕೊಂಡ ಬಸವಮ್ಮನವರು ಮಂಚದ ಮೇಲೆ ಕುಳಿತಿದ್ದರು. ಎದುರಿಗೆ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಡಬ್ಬಿ.

ಏನು ಹೇಳಲಿ! ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಆದರೆ ಅದರ ಹೊಳಪಿಗೆ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಸಿಗ್ನಲ್ ಬಿತ್ತೆಂದು ಬ್ರೇಕ್ ಹಾಕಿದ. ಅಂಚಿಗೆ ನೀಲಿ ಬಳ್ಳಿ, ಬಳ್ಳಿಯ ನಡುನಡುವೆ ಬಿಳಿ ಮಲ್ಲಿಗೆ ಮೊಗ್ಗು, ಮುಚ್ಚಳದ ಮೇಲೆ ಗಿಳಿ. ಅದರ ಹಸಿರಿನ ಮುಂದೆ ಆಗ ತಾನೇ ಚಿಗುರಿದ ಎಲೆ ಬಾಡಿದಂತೆ ಕಾಣಬೇಕು. ನಾನು ಬದುಕಿನಲ್ಲಿ ಮೊದಲ ಸಲ ಮಾತಿಲ್ಲದೆ ನಿಂತೆ. ಶೈಲಜಾ ಗಾಬರಿಯಾಗಿ ನೀರು ತರಲು ಹೇಳಿದಳು.

ಎಕ್ಸ್‌ಪರ್ಟ್ ಅಂದರೆ ಅಭಿರಾಮ ಎನ್ನುವ ತೆಳ್ಳನೆಯ ಹುಡುಗ. ಒಳ್ಳೆಯವನೇ. ಕಣ್ಣಿಗೊಂದು ಕನ್ನಡಕ, ಕೈಯಲ್ಲೊಂದು ಭೂತಗನ್ನಡಿ.

“ಸಾರ್, ನಮ್ಮ ಕಡೆಯ ಮೀನಾ ಕೆಲಸ ನಾನು ಬೇಕಾದಷ್ಟು ನೋಡಿದೀನಿ. ಇದು ಹಾಗಿಲ್ಲ. ಈ ಗಿಳಿ ಕೆನ್ನೆ ಮೇಲಿನ ಕೆಂಪು ನೋಡಿ, ಹೇಗೆ ಉಬ್ಬಿದೆ! ಮೀನಾದಲ್ಲಿ ಕೆಂಪು ತರೋದೇ ಕಷ್ಟ, ಅದರಲ್ಲೂ ಹೀಗೆ ಉಬ್ಬಿಸಿರೋ ಕೆಂಪು! ಇಂಥದ್ದು ಇಲ್ಲಿ ಯಾರಿಗೂ ಬರ್ತಿರಲಿಲ್ಲ.”

ಮುತ್ತಾತನಿಗೆ ಬಾರದ ಕೆಂಪೇ? ನನಗೆ ಮಾತು ವಾಪಸು ಬಂತು.

“ತಮ್ಮಾ, ಆ ಕೆಂಪು ನಮ್ಮ ಮನೆತನದ ಗುಟ್ಟು. ಬರ್ಮಾ ಮಾಣಿಕ್ಯ ಅರೆದು, ದಾಳಿಂಬೆ ಹೂವಿನ ರಸದಲ್ಲಿ ಕಲಸಿ, ಹುಣ್ಣಿಮೆ ದಿನ ಮಾತ್ರ ಮಾಡ್ತಿದ್ದದ್ದು.”

“ಅದು ಕುಂಕುಮ ಕಣ್ರಪ್ಪ,” ಎಂದರು ಬಸವಮ್ಮನವರು.

ಅಭಿರಾಮ ಭೂತಗನ್ನಡಿಯನ್ನು ಕೆಳಗಿಳಿಸಿದ.

“ಆಯುಧಪೂಜೆಗೆ ತಕ್ಕಡಿಗೆ, ತಿಜೋರಿಗೆ, ಡಬ್ಬಿಗೆ ಎಣ್ಣೇಲಿ ಕಲಸಿದ ಕುಂಕುಮ ಇಡ್ತೀವಲ್ಲ. ನಮ್ಮತ್ತೆ ಇಡ್ತಿದ್ರು. ಅದರ ಮೇಲೆ ನಾನು ಇಡ್ತಾ ಬಂದೆ. ಗಟ್ಟಿಯಾಗಿ ಕೂತಿದೆ.”

ಕಿಟಕಿಯಲ್ಲಿದ್ದವರು ನಕ್ಕ ನಗೆಗೆ ಗೋಡೆಯ ಸುಣ್ಣ ಉದುರಿತು. ಅಭಿರಾಮನ ಕಿವಿ ಆ ಕುಂಕುಮಕ್ಕಿಂತ ಕೆಂಪಾಯಿತು. ನಾನಂತೂ ಮಾಣಿಕ್ಯದ ಮಾತು ಯಾರೋ ಬೇರೆಯವರು ಆಡಿದ್ದೆಂಬಂತೆ ಕಿಟಕಿಯ ಕಡೆ ತಿರುಗಿ ನೋಡಿದೆ.

“ಸರಿ, ಕೆಂಪು ಹೋಯ್ತು,” ಎಂದ ಅಭಿರಾಮ ನಗುತ್ತಲೇ. “ಆದರೂ ಕೆಲಸ ಇಲ್ಲಿಯದು ಅನ್ನೋಕೆ ಏನಾದ್ರೂ ಗುರುತು ಬೇಕಲ್ಲ, ಸಾರ್?”

“ಗುರುತೇ? ನಮ್ಮ ಮುತ್ತಾತ ಕಪ್ಪು ದೃಷ್ಟಿಬೊಟ್ಟು ಇಡದೆ ಒಂದು ಡಬ್ಬೀನೂ ಜಗಲಿ ಇಳಿಸಿದವರಲ್ಲ. ಇದರಲ್ಲಿ ಆ ಚುಕ್ಕೆ ಇಲ್ಲದೇ ಹೋದ್ರೆ...” ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಷ್ಟು ಜನ ಕೇಳುತ್ತಿರುವಾಗ ನಿಲ್ಲಿಸಲು ನಾನೇನು ಮರವೇ? “ಇಲ್ಲದೇ ಹೋದ್ರೆ ಇಲ್ಲೇ, ಈ ನಡುಮನೇಲೇ, ಅರ್ಧ ಮೀಸೆ ಬೋಳಿಸಿಕೊಳ್ತೀನಿ! ನೀವು ಫ್ರಾನ್ಸ್ ಅಂತ ಬರ್ಕೊಳ್ಳಿ. ಇದ್ರೆ, ಬೋರ್ಡಿನ ಮೇಲೆ ಅಶ್ವತ್ಥಾಚಾರ್, ಚಾಮರಾಜಪೇಟೆ ಅಂತ ದೊಡ್ಡಕ್ಷರದಲ್ಲಿ ಬರೀಬೇಕು!”

“ಎಲ್ರೂ ಕೇಳಿಸ್ಕೊಂಡ್ರಿ ತಾನೆ?” ಎಂದಳು ಶೈಲಜಾ. ಅವಳ ಮುಖದಲ್ಲಿ ಆಗ ಕಂಡ ಕಳೆ ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಭೂತಗನ್ನಡಿ ಡಬ್ಬಿಯ ಮೇಲೆ ಹರಿದಾಡಿತು. ಬಳ್ಳಿ ನೋಡಿದೆವು, ಮೊಗ್ಗು ನೋಡಿದೆವು, ಗಿಳಿಯ ರೆಕ್ಕೆ, ಬಾಲ, ಕೊಕ್ಕು, ಕಾಲುಗುರು ಎಲ್ಲ ನೋಡಿದೆವು. ಅಡಿಯನ್ನೂ ಮಗುಚಿ ನೋಡಿದೆವು. ಚುಕ್ಕೆ ಇಲ್ಲ. ನನ್ನ ಎದೆಯಲ್ಲಿ ಕಲಾಸಿಪಾಳ್ಯದ ಬಸ್ಸುಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆದವು. ಅಪ್ಪಾ, ನೀನು ಹೇಳಿದ ಅಷ್ಟೂ ಮಾತಿನಲ್ಲಿ ಇದೊಂದಾದರೂ ನಿಜವಾಗಿರಬಾರದೇ!

ಆಗ ಹೊಳೆಯಿತು. ದೃಷ್ಟಿಬೊಟ್ಟು ಇಡುವುದೆಲ್ಲಿ? ಕೆನ್ನೆಯ ಮೇಲೆ. ಗಿಳಿಯ ಕೆನ್ನೆಯ ಮೇಲೆ ಈಗ ಏನಿದೆ? ಕುಂಕುಮ.

“ಅಮ್ಮಾ, ಆ ಕುಂಕುಮ ಒಂಚೂರು ಒರೆಸಿದ್ರೆ...”

“ಒರೆಸ್ತೀಯಾ?” ಬಸವಮ್ಮನವರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ತಳದಲ್ಲಿರೋದು ನಮ್ಮತ್ತೆ ಕೈಯಿಂದ ಇಟ್ಟ ಕುಂಕುಮ. ಅವರದು ಅಂತ ನನ್ನ ಹತ್ರ ಇರೋದು ಅದೊಂದೇ. ನಿನ್ನ ಮೀಸೆಗೋಸ್ಕರ ಅದನ್ನ ಕೈಯಾರೆ ಅಳಿಸಲಾ? ಮೀಸೆ ಮತ್ತೆ ಬೆಳೆಯುತ್ತೆ, ಹೋಗಪ್ಪ.”

ಅವರ ಕಣ್ಣಂಚು ಒದ್ದೆಯಾಗಿತ್ತು. ಮೀಸೆಯಿದ್ದ ಮಾತ್ರಕ್ಕೆ ಮನುಷ್ಯತ್ವ ಇರಬಾರದೆಂದೇನಿಲ್ಲವಲ್ಲ. ಸುಮ್ಮನಾದೆ.

ಸುಮ್ಮನಾಗದವಳು ಶೈಲಜಾ. “ಐದನೇ ಮೇನ್ ಮುನೇಶನ್ನ ಕರೆಸಿ,” ಎಂದಳು.

ಮುನೇಶ ಭಾನುವಾರದ ಗಿರಾಕಿಗಳನ್ನೆಲ್ಲ ಅರ್ಧರ್ಧ ಕ್ಷೌರದಲ್ಲೇ ಬಿಟ್ಟು ಓಡಿ ಬಂದ. ಅವನ ಹಿಂದೆ ಕೆನ್ನೆಗೆ ನೊರೆ ಹಚ್ಚಿಕೊಂಡ ಆ ಗಿರಾಕಿಗಳೂ ಬಂದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ಮೀಸೆಯ ಎಡಭಾಗಕ್ಕೆ ಆಯುಧಪೂಜೆಯ ಬೂದುಗುಂಬಳದಷ್ಟು ನೊರೆ ಹಚ್ಚಿದ.

“ಅಣ್ಣಾ, ಈ ಮೀಸೆಗೆ ಕತ್ತಿ ಹಾಕಿದ್ರೆ ನಂಗೆ ಪಾಪ ಸುತ್ಕೊಳ್ಳುತ್ತೆ,” ಎಂದ ಮುನೇಶ, ಗದ್ಗದಿತನಾಗಿ.

“ಪಾಪ ನಂಗಿರ್ಲಿ. ನೀನು ಹಾಕಪ್ಪ,” ಎಂದಳು ನನ್ನ ಧರ್ಮಪತ್ನಿ.

“ಒಂದು ನಿಮಿಷ!” ಎಂದೆ. “ಅಮ್ಮಾ, ನಮ್ಮ ಮುತ್ತಾತ ಮಾಡಿದ್ದನ್ನ ಒಂದು ಸಲ ಕೈಯಲ್ಲಿ ಹಿಡ್ಕೊಳ್ತೀನಿ. ಒಳಗಡೆ ನೋಡಿಲ್ಲ ನಾವು. ಚುಕ್ಕೆ ಒಳಗಡೆ ಇದ್ರೆ?”

“ಹಿಡ್ಕೋ. ಆದ್ರೆ ಅದು ತೆಗೆಯೋಕಾಗಲ್ಲ. ನಮ್ಮ ಮಾವನವರು ಹೋದ ಮೇಲೆ ಯಾರ ಕೈಗೂ ತೆರೆದಿಲ್ಲ. ಕುಂಕುಮಕ್ಕೆ ಮಾತ್ರ ಬೆರಳು ತಾಗಿಸಬೇಡ.”

ಡಬ್ಬಿ ನನ್ನ ಅಂಗೈಗೆ ಬಂತು. ಮುನೇಶ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಕಣ್ಣು ತೆರೆದು, ಕತ್ತಿಯನ್ನು ನನ್ನ ಮೂಗಿನ ಕೆಳಗೆ ತಂದು ನಿಲ್ಲಿಸಿದ. ನಾನು ಹೆಬ್ಬೆರಳಿಂದ ಮುಚ್ಚಳದ ಅಂಚನ್ನು ತಡವಿದೆ. ಎಲ್ಲರೂ ಇಂಥದ್ದನ್ನು ಮೇಲಕ್ಕೆ ಎಬ್ಬಿಸಲು ಹೋಗುತ್ತಾರೆ. ನಾನು ಮೂಗುಬೊಟ್ಟಿನ ತಿರುಪು ಬಿಚ್ಚಿಯೇ ಬದುಕಿದವನು. ನನ್ನ ಬೆರಳಿಗೆ ತಿರುಗಿಸುವುದೊಂದೇ ಗೊತ್ತು. ತಿರುಗಿಸಿದೆ.

ಟಕ್.

ಮುಚ್ಚಳ ತೆರೆದುಕೊಂಡಿತು. ನಾನು ಕಪ್ಪು ಚುಕ್ಕೆ ಹುಡುಕಲು ಮೂಗನ್ನು ಡಬ್ಬಿಗೆ ತಂದೆ. ಒಳಗೆ ಚುಕ್ಕೆಯಿರಲಿಲ್ಲ. ಒಳಗಿದ್ದದ್ದು ಬಸವಮ್ಮನವರ ಮಾವನವರ ನಶ್ಯ. ಅಷ್ಟು ವರ್ಷ ಚಿನ್ನದ ಕತ್ತಲಲ್ಲಿ ಕುಳಿತು ತಪಸ್ಸು ಮಾಡಿ, ಖಾರವನ್ನೆಲ್ಲ ಒಟ್ಟುಗೂಡಿಸಿಕೊಂಡು, ಒಂದು ಮೂಗಿಗಾಗಿ ಕಾಯುತ್ತಿದ್ದ ನಶ್ಯ.

ಅದು ಹೊಗೆಯಂತೆ ಎದ್ದಿತು. ಮೊದಲು ಅಭಿರಾಮ ಸೀನಿದ. ಅವನ ಕನ್ನಡಕ ಹಾರಿ ಕಿಟಕಿಯಲ್ಲಿದ್ದ ಪಕ್ಕದ ಮನೆಯ ಶಕುಂತಲಮ್ಮನವರ ಮೂಗಿನ ಮೇಲೆ ಸರಿಯಾಗಿ ಹೋಗಿ ಕೂತಿತು. ಹರ್ಷಿತಾ ಸೀನಿದಳು. ನೊರೆಯ ಗಿರಾಕಿಗಳು ಸಾಲಾಗಿ ಸೀನಿ ನಡುಮನೆಗೆಲ್ಲ ಹಿಮ ಸುರಿಸಿದರು. ಕೊನೆಗೆ ನನ್ನ ಸರದಿ. ಅದು ಸೀನಲ್ಲ, ಸ್ವಾಮಿ. ಮುತ್ತಾತ ಜೀವಮಾನವೆಲ್ಲ ಹಿಡಿದಿಟ್ಟ ಉಸಿರು ವಂಶಪಾರಂಪರ್ಯವಾಗಿ ಬಂದು ನನ್ನ ಮೂಗಿನಿಂದ ಹೊರಟಿತು. ಉಪ್ಪಾರಪೇಟೆಯ ಲಾಡ್ಜುಗಳಲ್ಲಿ ಮಲಗಿದ್ದವರು ಎದ್ದು ಕೂತು ಚಹಾ ಕೇಳಿದರಂತೆ. ಲಾಲ್‌ಬಾಗಿನ ಬಾವಲಿಗಳು ಹಗಲಲ್ಲೇ ಹಾರಿ, ಕ್ಷಮೆ ಕೇಳಿ, ಮತ್ತೆ ಜೋತುಬಿದ್ದವು.

ಆ ಸೀನಿಗೆ ನನ್ನ ತಲೆ ಮುಂದಕ್ಕೆ ಹೋಯಿತು. ಮುನೇಶನ ಕತ್ತಿ ಇದ್ದಲ್ಲೇ ಇತ್ತು. ಆಮೇಲೆ ನೋಡಿದರೆ ಎಡಮೀಸೆ ನನ್ನ ಮಡಿಲಲ್ಲಿ ಮುದ್ದಾದ ಅಳಿಲಿನಂತೆ ಮಲಗಿತ್ತು. ಅದರ ಮೇಲಿದ್ದ ನೊರೆ ಪೂರ್ತಿ ಹಾರಿ ಗಿಳಿಯ ಮುಖಕ್ಕೆ ಬಡಿದಿತ್ತು.

“ಅಯ್ಯೋ! ಕುಂಕುಮ!” ಎಂದು ಹರ್ಷಿತಾ ಕೂಗಿ ಬೆಳ್ಳಿ ತಟ್ಟೆಯನ್ನು ನನ್ನ ಕೈಕೆಳಗೆ ಒಡ್ಡಿದಳು.

ಯಾರೂ ಕೈ ಹಾಕಲಿಲ್ಲ. ಹಾಕುವ ಧೈರ್ಯ ಯಾರಿಗಿದೆ? ಸೋಪಿನ ನೊರೆ ಎಣ್ಣೆ ಕುಂಕುಮವನ್ನು ನಿಧಾನವಾಗಿ ನೆನೆಸಿತು. ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಒಂದು ಸಣ್ಣ ಕೆಂಪು ಎಳೆಯಾಗಿ ಗಿಳಿಯ ಕತ್ತಿನ ಮೇಲಿಂದ ಬೆಳ್ಳಿ ತಟ್ಟೆಗೆ ಇಳಿಯಿತು. ಅಷ್ಟು ಜನರಿದ್ದ ಮನೆಯಲ್ಲಿ ಸೀನನ್ನು ತಡೆದುಕೊಳ್ಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಸಿರು ಕೆನ್ನೆ ಕಂಡಿತು. ಕೆನ್ನೆಯ ನಟ್ಟನಡುವೆ, ಸಾಸಿವೆಗಿಂತ ಚಿಕ್ಕದಾಗಿ, ಈಗ ತಾನೇ ಯಾರೋ ತಾಯಿ ಬೆರಳ ತುದಿಯಲ್ಲಿ ಇಟ್ಟು ಹೋದ ಹಾಗೆ, ಒಂದು ಕಪ್ಪು ಚುಕ್ಕೆ.

ಅಭಿರಾಮ ಶಕುಂತಲಮ್ಮನವರಿಂದ ಕನ್ನಡಕ ವಾಪಸು ಪಡೆದು ನೋಡಿದ. ಭೂತಗನ್ನಡಿಯಲ್ಲಿ ನೋಡಿದ. ಉಗುರಿಂದ ಮೆಲ್ಲಗೆ ಕೆರೆದ.

“ಮೀನಾನೇ, ಸಾರ್. ಬೇಕಂತಲೇ ಇಟ್ಟಿರೋದು. ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ.” ಅವನ ದನಿಯಲ್ಲಿ ಸೋತ ಬೇಜಾರಿರಲಿಲ್ಲ, ಜಾತ್ರೆಯಲ್ಲಿ ಪೀಪಿ ಸಿಕ್ಕ ಮಗುವಿನ ಖುಷಿಯಿತ್ತು. “ಹರ್ಷಿತಾ, ಬೋರ್ಡು ಬರಿ. ದೊಡ್ಡಕ್ಷರ.”

ನಾನು ಕುರ್ಚಿಯ ಮೇಲೇ ಹತ್ತಿ ನಿಂತು ಕುಣಿದೆ. ಅರ್ಧ ಮೀಸೆಯ ಮನುಷ್ಯ ಕುಣಿಯುವುದನ್ನು ನೀವು ನೋಡಬೇಕಿತ್ತು. ಮುನೇಶ ಅಳುತ್ತಾ ನಗುತ್ತಿದ್ದ. ಕಿಟಕಿಯವರು ಶಿಳ್ಳೆ ಹಾಕಿದರು. ಅಷ್ಟರಲ್ಲಿ ಬಸವಮ್ಮನವರ ನೆನಪಾಗಿ ಕೆಳಗಿಳಿದೆ. ಅವರು ತಟ್ಟೆಯಲ್ಲಿ ನಿಂತ ಕೆಂಪು ನೀರನ್ನೇ ನೋಡುತ್ತಿದ್ದರು.

“ಅಮ್ಮಾ, ನಾನು ಕೈ ತಾಗಿಸ್ಲಿಲ್ಲ. ಆಣೆ ಮಾಡ್ತೀನಿ. ಸೀನು...”

“ಗೊತ್ತು ಬಿಡೋ.” ಅವರ ತುಟಿ ಅದುರಿತು. ಅಳುತ್ತಾರೆ ಎಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಆ ಸೀನು ನಿಂದಲ್ಲ, ನಮ್ಮ ಮಾವನವರ ನಶ್ಯದ್ದು. ಬದುಕಿದ್ದಷ್ಟು ದಿನ ನಮ್ಮತ್ತೆ ಎದುರಿಗೆ ತುಟಿ ಬಿಚ್ಚಿದವರಲ್ಲ, ಪಾಪ. ಇವತ್ತು ಒಂದು ಮಾತು ಆಡಿಬಿಟ್ರು ನೋಡು!”

ನಗು ನಿಂತ ಮೇಲೆ, ಸೆರಗಿನಿಂದ ಕಣ್ಣೊರೆಸಿಕೊಂಡು, ಸಹಜವಾಗಿ ಹೇಳಿದರು: “ಆ ಚುಕ್ಕಿ ಇತ್ತಲ್ಲ, ಅದರ ಮೇಲೇ ಕುಂಕುಮ ಇಡು, ಜಾಗ ತಪ್ಪಲ್ಲ ಅಂತ ನಮ್ಮತ್ತೇನೇ ತೋರಿಸಿಕೊಟ್ಟಿದ್ದು. ಮದುವೆಯಾಗಿ ಬಂದ ವರ್ಷ ನಾನೂ ನೋಡಿದೀನಿ.”

“ಅಮ್ಮಾ!” ನಾನು ಬೋಳು ತುಟಿಯನ್ನು ಮುಟ್ಟಿಕೊಂಡೆ. “ಮೊದಲೇ ಹೇಳಬಾರದಿತ್ತಾ?”

“ನೀನು ಕೇಳಿದ್ಯಾ? ಒರೆಸ್ತೀನಿ ಅಂದೆ, ಬೋಳಿಸ್ತೀನಿ ಅಂದೆ. ಅಡೀಲೇನಿದೆ ಬಸವಮ್ಮ ಅಂತ ಒಂದು ಮಾತು ಕೇಳಿದ್ಯಾ? ಬಂದಾಗಿಂದ ಬರೀ ಹೇಳ್ತಾನೇ ಇದೀಯ.”

ಶೈಲಜಾ ಎದ್ದು ಹೋಗಿ ಅವರ ಕಾಲಿಗೆ ಬಿದ್ದಳು. ಇಷ್ಟು ಚೆನ್ನಾಗಿ ನನ್ನನ್ನು ಬಣ್ಣಿಸಿದವರು ಅವಳಿಗೆ ಈವರೆಗೆ ಸಿಕ್ಕಿರಲಿಲ್ಲವಂತೆ.

ಬಸವಮ್ಮನವರು ಕುಂಕುಮ, ಕಾಡಿಗೆ ಎರಡನ್ನೂ ತರಿಸಿದರು. ತಟ್ಟೆಯ ಕೆಂಪು ನೀರಿನಲ್ಲೇ ಹೊಸ ಕುಂಕುಮ ಕಲಸಿ, ಈ ಸಲ ಗಿಳಿಯ ಹಣೆಗೆ ಇಟ್ಟರು. ಕೆನ್ನೆಯನ್ನು ಮುತ್ತಾತನಿಗೇ ಬಿಟ್ಟುಕೊಟ್ಟರು. ಆಮೇಲೆ ನನ್ನ ಗಲ್ಲ ಹಿಡಿದು ಎತ್ತಿ, ಮೀಸೆಯಿಲ್ಲದ ಎಡತುಟಿಯ ಮೇಲೆ ಕಾಡಿಗೆಯ ಒಂದು ಚುಕ್ಕೆ ಒತ್ತಿದರು.

“ಇಷ್ಟು ಜನರ ಮುಂದೆ ಗೆದ್ದಿದೀಯ. ಕಣ್ಣು ಬೀಳುತ್ತೆ.”

“ಅಣ್ಣಾ, ಬಲಗಡೆದೂ ತೆಗೆದು ಸಮ ಮಾಡ್ಲಾ?” ಎಂದು ಮುನೇಶ ಕೇಳಿದ.

“ಮಾಡು, ಮಾಡು,” ಎಂದಳು ಶೈಲಜಾ.

ನಾನು ಒಪ್ಪಲಿಲ್ಲ. ಅರ್ಧ ಮೀಸೆ, ಅರ್ಧ ಬೋಳು, ಬೋಳಿನ ಮೇಲೆ ದೃಷ್ಟಿಬೊಟ್ಟು ಇಟ್ಟುಕೊಂಡು ಚಾಮರಾಜಪೇಟೆಯಿಂದ ಗಾಂಧಿಬಜಾರಿನವರೆಗೆ ಎದೆಯುಬ್ಬಿಸಿ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಜನ ಏನಾಯ್ತು, ಏನಾಯ್ತು ಎಂದು ಕೇಳುತ್ತಿದ್ದರು. ಸಮ ಮಾಡಿಸಿಕೊಂಡಿದ್ದರೆ ಒಬ್ಬನಾದರೂ ಕೇಳುತ್ತಿದ್ದನೇ?